ಕಲ್ಲು ಹೇಳುವ ಕಾಲ

ಕರ್ನಾಟಕದ ಭೂಪಟವನ್ನು ಎದುರಿಗೆ ಹರಡಿಕೊಂಡು ನೋಡಿದರೆ ಅದರ ನೆತ್ತಿಯ ಮೇಲೆ ಕಿರೀಟದಂತೆ ಕುಳಿತಿರುವ ಜಿಲ್ಲೆ ಬೀದರ. ಈ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ ಪ್ರದೇಶಗಳ ಹೆಸರು ಇತಿಹಾಸ ಓದಿದವರಿಗೆಲ್ಲ ಪರಿಚಿತವಾದುದು. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಒಂದನೆಯ ಸೋಮೇಶ್ವರನು ಕಲ್ಯಾಣವನ್ನು ತನ್ನ ರಾಜಧಾನಿಯನ್ನಾಗಿ ಮಾಡಿಕೊಂಡನು. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರೂ ಅವರೊಡನಿದ್ದ ಶರಣರೂ ಅದೇ ಊರನ್ನು ತಮ್ಮ ಕಾಯಕದ ನೆಲೆಯಾಗಿ ಮಾಡಿಕೊಂಡರು. ಹುಮನಾಬಾದದ ಬಳಿಯ ಜಲಸಂಗಿಯ ದೇವಾಲಯದ ಗೋಡೆಯಲ್ಲಿ ಶಾಸನವನ್ನು ಬರೆಯುತ್ತ ನಿಂತಿರುವ ಒಬ್ಬ ಶಿಲಾಬಾಲಿಕೆಯುಂಟು. ಅವಳು ಬರೆಯುತ್ತಿರುವುದು 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕೀರ್ತಿಯನ್ನು. ಒಂಬತ್ತು ನೂರು ವರ್ಷಗಳ ಮಳೆ ಬಿಸಿಲುಗಳನ್ನು ಸಹಿಸಿಯೂ ಆ ಅಕ್ಷರಗಳು ತಮ್ಮ ಕಾಲವನ್ನು ಹೇಳುತ್ತಿವೆ.

ಆದರೆ ಅಕ್ಷರವಿಲ್ಲದ ಕಲ್ಲು ತನ್ನ ಕಾಲವನ್ನು ಹೇಗೆ ಹೇಳೀತು? ಶಿಲ್ಪಿಯ ಉಳಿ ಸೋಕುವ ಮುನ್ನವೇ ಆ ಕಲ್ಲಿಗೆ ಎಷ್ಟು ವಯಸ್ಸಾಗಿತ್ತು? ಅದು ಹುಟ್ಟಿದ್ದು ಯಾವಾಗ, ಸವೆಯತೊಡಗಿದ್ದು ಯಾವಾಗ, ಬಿಸಿಲಿಗೆ ಮೈಯೊಡ್ಡಿದ್ದು ಯಾವಾಗ? ಇವು ಮೂರು ಬೇರೆ ಬೇರೆ ಪ್ರಶ್ನೆಗಳು. ಇವಕ್ಕೆ ಉತ್ತರವನ್ನು ಹುಡುಕುವ ಶಾಸ್ತ್ರವು ನಮ್ಮನ್ನು ಕಲ್ಯಾಣದ ಕೆಂಪುನೆಲದಿಂದ ಹೊರಡಿಸಿ ದಕ್ಷಿಣಧ್ರುವದ ಹಿಮರಾಶಿಯವರೆಗೂ ಕೊಂಡೊಯ್ಯುತ್ತದೆ.

ಬಸವಕಲ್ಯಾಣ, ಹುಮನಾಬಾದ, ಬೀದರಗಳ ಸುತ್ತಲಿನ ನೆಲದಲ್ಲಿ ಸಂಚರಿಸುವವರ ಕಣ್ಣಿಗೆ ಎರಡು ಬಣ್ಣಗಳು ಎದ್ದು ಕಾಣುತ್ತವೆ. ಒಂದು, ತೊಗರಿ ಜೋಳಗಳನ್ನು ಬೆಳೆಯುವ ಎರೆನೆಲದ ಕಪ್ಪು. ಮತ್ತೊಂದು, ಎತ್ತರದ ಬಯಲುಗಳ ಕೆಂಪು. ಕಪ್ಪುನೆಲದ ಅಡಿಯಲ್ಲಿ ಕರಿಯಕಲ್ಲು ಇದೆ. ಭೂವಿಜ್ಞಾನಿಗಳು ಇದನ್ನು ಬಸಾಲ್ಟ್ ಎನ್ನುತ್ತಾರೆ. ಕೆಂಪುನೆಲದ ಅಡಿಯಲ್ಲಿರುವುದು ಜಂಬಿಟ್ಟಿಗೆ ಕಲ್ಲು. ಇದಕ್ಕೆ ಲ್ಯಾಟರೈಟ್ ಎಂಬ ಹೆಸರೂ ಉಂಟು. ನೋಡುವುದಕ್ಕೆ ಇವೆರಡೂ ಒಂದಕ್ಕೊಂದು ಸಂಬಂಧವೇ ಇಲ್ಲದ ಕಲ್ಲುಗಳಂತೆ ತೋರುತ್ತವೆ. ವಾಸ್ತವವಾಗಿ ಕರಿಯಕಲ್ಲು ತಾಯಿ, ಕೆಂಪುಕಲ್ಲು ಅವಳ ಮಗಳು.

ತಾಯಿಯ ಕಥೆಯನ್ನು ಮೊದಲು ಕೇಳೋಣ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನದ ನೆಲವು ಅಲ್ಲಲ್ಲಿ ಬಿರಿದು, ಬಿರುಕುಗಳಿಂದ ಕಾದ ಶಿಲಾರಸವು ಉಕ್ಕಿ ಹರಿಯಿತು. ಒಂದು ಪ್ರವಾಹವು ಆರಿ ಗಟ್ಟಿಯಾದ ಮೇಲೆ ಮತ್ತೊಂದು, ಅದರ ಮೇಲೆ ಇನ್ನೊಂದು, ಹೀಗೆ ಪದರ ಪದರವಾಗಿ ಶಿಲಾರಸವು ಹರಡಿಕೊಂಡಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಈ ಕಲ್ಲು ಆವರಿಸಿದೆ. ಎರಡು ಪ್ರವಾಹಗಳ ನಡುವೆ ಬಿಡುವು ದೊರೆತಾಗ ಕೆಳಗಿನ ಪದರದ ಮೈ ಗಾಳಿ ಮಳೆಗಳಿಗೆ ಸಿಕ್ಕಿ ಮಣ್ಣಾಗುತ್ತಿತ್ತು. ಅದರ ಮೇಲೆ ಹೊಸ ಶಿಲಾರಸವು ಹರಿದು ಆ ಮಣ್ಣನ್ನು ಮುಚ್ಚುತ್ತಿತ್ತು. ದಖ್ಖನದ ಅನೇಕ ಕಡೆ ಆಳವಾದ ಬಾವಿಗಳಲ್ಲಿಯೂ ರಸ್ತೆಗಾಗಿ ಕಡಿದ ಗುಡ್ಡಗಳಲ್ಲಿಯೂ ಕರಿಯಕಲ್ಲಿನ ನಡುವೆ ಕಾಣುವ ಕೆಂಪು ಪಟ್ಟಿಗಳು ಇಂತಹ ಬಿಡುವಿನ ಗುರುತುಗಳು. ಒಂದು ಪುಸ್ತಕದ ಹಾಳೆಗಳ ನಡುವೆ ಇಟ್ಟ ಕೆಂಪು ದಾರದಂತೆ ಅವು ಉಳಿದುಕೊಂಡಿವೆ.

ಕರಿಯಕಲ್ಲು ಹುಟ್ಟಿದ ಕಾಲವನ್ನು ತಿಳಿಯಲು ಅದರೊಳಗೇ ಒಂದು ಗಡಿಯಾರವಿದೆ. ಕಲ್ಲಿನಲ್ಲಿ ಪೊಟಾಸಿಯಂ ಎಂಬ ಧಾತುವು ಸ್ವಲ್ಪ ಪ್ರಮಾಣದಲ್ಲಿರುತ್ತದೆ. ಆ ಪೊಟಾಸಿಯಂನ ಒಂದು ಸಣ್ಣ ಭಾಗವು ವಿಕಿರಣಶೀಲವಾದುದು. ಅದು ನಿಧಾನವಾಗಿ ಕ್ಷಯಿಸುತ್ತ ಹೋಗುತ್ತದೆ ಮತ್ತು ಅದರ ಒಂದಂಶವು ಆರ್ಗಾನ್ ಅನಿಲವಾಗಿ ಮಾರ್ಪಡುತ್ತದೆ. ಇರುವ ವಿಕಿರಣಶೀಲ ಪೊಟಾಸಿಯಂನಲ್ಲಿ ಅರ್ಧದಷ್ಟು ಕ್ಷಯಿಸಲು ಸುಮಾರು 125 ಕೋಟಿ ವರ್ಷಗಳು ಬೇಕು. ಈ ಅವಧಿಯನ್ನು ಅದರ ಅರ್ಧಾಯುಷ್ಯ ಎನ್ನುತ್ತಾರೆ. ಶಿಲಾರಸವು ದ್ರವವಾಗಿರುವಾಗ ಅದರಲ್ಲಿನ ಆರ್ಗಾನ್ ತಪ್ಪಿಸಿಕೊಂಡು ಹೋಗುತ್ತದೆ. ಕಲ್ಲು ಗಟ್ಟಿಯಾದ ಮೇಲೆ ಹುಟ್ಟಿದ ಆರ್ಗಾನ್ ಒಳಗೇ ಸೆರೆಯಾಗುತ್ತದೆ. ಆದುದರಿಂದ ಎಷ್ಟು ಪೊಟಾಸಿಯಂ ಉಳಿದಿದೆ, ಎಷ್ಟು ಆರ್ಗಾನ್ ಸೇರಿದೆ ಎಂಬುದನ್ನು ಅಳೆದರೆ ಕಲ್ಲಿನ ಜನ್ಮಕಾಲವನ್ನು ಗಣಿಸಬಹುದು.

ಇನ್ನು ಮಗಳ ಕಥೆ. ಬಂಡೆಯು ಗಾಳಿ, ನೀರು, ಬಿಸಿಲು, ಚಳಿಗಳಿಗೆ ಸಿಕ್ಕಿ ಒಡೆದು ಕರಗಿ ಮಾರ್ಪಡುವುದನ್ನು ಶಿಥಿಲೀಕರಣ ಎನ್ನುತ್ತಾರೆ. ಮಳೆಯ ಹನಿಯು ಬೀಳುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಬರುತ್ತದೆ. ಹೀಗಾಗಿ ಮಳೆನೀರು ಬಹು ದುರ್ಬಲವಾದ ಒಂದು ಆಮ್ಲ. ಈ ನೀರು ಕರಿಯಕಲ್ಲಿನ ಬಿರುಕುಗಳಲ್ಲಿ ಇಳಿದು ಮೊದಲು ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿ ಒಯ್ಯುತ್ತದೆ. ಅನಂತರ ನಿಧಾನವಾಗಿ ಸಿಲಿಕವೂ ಹೊರಟುಹೋಗುತ್ತದೆ. ನೀರಿನಲ್ಲಿ ಸುಲಭವಾಗಿ ಕರಗದ ಕಬ್ಬಿಣ ಮತ್ತು ಅಲ್ಯೂಮಿನಿಯಂಗಳ ಸಂಯುಕ್ತಗಳು ಮಾತ್ರ ಹಿಂದೆ ಉಳಿಯುತ್ತವೆ. ಕಬ್ಬಿಣವು ಗಾಳಿಯ ಆಮ್ಲಜನಕದೊಡನೆ ಸೇರಿ ತುಕ್ಕಾಗುತ್ತದೆ. ಕೆಂಪುಕಲ್ಲಿನ ಕೆಂಪು ಈ ತುಕ್ಕಿನ ಕೆಂಪೇ. ಬಿಸಿಲೂ ಮಳೆಯೂ ಧಾರಾಳವಾಗಿರುವ ಉಷ್ಣವಲಯದಲ್ಲಿ, ನೆಲವು ಸಮತಟ್ಟಾಗಿರುವೆಡೆ, ಲಕ್ಷಾಂತರ ವರ್ಷ ಈ ಕೆಲಸ ನಡೆದರೆ ಜಂಬಿಟ್ಟಿಗೆಯ ದಪ್ಪ ಹೊದಿಕೆ ಸಿದ್ಧವಾಗುತ್ತದೆ.

ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರನ್ನಿಟ್ಟವನು ಫ್ರಾನ್ಸಿಸ್ ಬುಕಾನನ್. 1800ರಲ್ಲಿ ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳ ಪ್ರವಾಸಕ್ಕೆ ಹೊರಟ ಆತನು ಮಲಬಾರಿನ ಅಂಗಾಡಿಪುರದಲ್ಲಿ ಜನರು ಈ ಕಲ್ಲನ್ನು ನೆಲದಿಂದ ಮೆತ್ತಗಿರುವಾಗಲೇ ಕಡಿದು ಇಟ್ಟಿಗೆಯಾಗಿ ಬಳಸುವುದನ್ನು ಕಂಡನು. ಕಡಿದ ಕಲ್ಲು ಗಾಳಿಗೆ ಆರಿ ಗಟ್ಟಿಯಾಗುತ್ತಿತ್ತು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗಿರುವ ಪದದಿಂದ ಆತನು ಕಲ್ಲಿಗೆ ಹೆಸರನ್ನು ಕೊಟ್ಟನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥದ ಮೂಲಕ ಆ ಹೆಸರು ಲೋಕಕ್ಕೆಲ್ಲ ಹಬ್ಬಿತು. ನಮ್ಮ ಜನರು ಅದಕ್ಕೆ ಬಹು ಹಿಂದೆಯೇ ಇಟ್ಟಿಗೆಯ ಹೆಸರನ್ನೇ ಇಟ್ಟಿದ್ದರೆಂಬುದು ಜಂಬಿಟ್ಟಿಗೆ ಎಂಬ ಪದದಿಂದಲೇ ತಿಳಿಯುತ್ತದೆ. 1840ರ ದಶಕದಲ್ಲಿ ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಸೇನಾಧಿಕಾರಿಯು ಬೀದರ ಸೀಮೆಯ ಜಂಬಿಟ್ಟಿಗೆಯನ್ನು ಕುರಿತು ಬರೆದನು. ಅಂದಿನಿಂದ ಇಂದಿನವರೆಗೆ ಬೀದರದ ಕಲ್ಲು ಭೂವಿಜ್ಞಾನಿಗಳ ಕುತೂಹಲವನ್ನು ಕೆರಳಿಸುತ್ತಲೇ ಬಂದಿದೆ.

ಅದಕ್ಕೆ ಕಾರಣವುಂಟು. ಬೀದರದ ಪ್ರಸ್ಥಭೂಮಿಯ ಅಂಚಿನಲ್ಲಿ ಸುಮಾರು 50 ಮೀಟರ್ ಆಳದವರೆಗೆ, ಕೆಳಗಿನ ಕರಿಯಕಲ್ಲಿನಿಂದ ಮೇಲಿನ ಕಬ್ಬಿಣದ ಗಟ್ಟಿ ಚಿಪ್ಪಿನವರೆಗೆ, ಶಿಥಿಲೀಕರಣದ ಒಂದೊಂದು ಮೆಟ್ಟಿಲೂ ಅಳಿಯದೆ ಉಳಿದಿದೆ. ತಳದಲ್ಲಿ ಗಟ್ಟಿಯಾದ ಬಸಾಲ್ಟ್, ಅದರ ಮೇಲೆ ಈರುಳ್ಳಿಯ ಸಿಪ್ಪೆಯಂತೆ ಕಳಚುತ್ತಿರುವ ಗುಂಡುಗಳು, ಆಮೇಲೆ ಮೆತ್ತನೆಯ ಜೇಡಿ, ನೆತ್ತಿಯಲ್ಲಿ ರಂಧ್ರಮಯವಾದ ಕೆಂಪುಕಲ್ಲು. 2004ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ವಿಜ್ಞಾನಿಗಳು ಈ ಮೆಟ್ಟಿಲುಗಳಲ್ಲಿರುವ ಲಿಥಿಯಂ ಧಾತುವನ್ನು ಅಳೆದರು. ಮೇಲಿನ ಪದರಗಳಲ್ಲಿ ಕೆಳಗಿನ ಕಲ್ಲಿಗೆ ಸೇರದ, ಗಾಳಿಯು ಹೊತ್ತು ತಂದ ಧೂಳಿನ ಕುರುಹುಗಳೂ ಅವರಿಗೆ ದೊರೆತವು. ಎಂದೋ ಬೀಸಿದ ಗಾಳಿಯ ದಾಖಲೆಯೂ ಈ ಕಲ್ಲಿನಲ್ಲಿ ಇದೆಯೆಂದಾಯಿತು.

ಹಾಗಾದರೆ ಈ ಕೆಂಪುಕಲ್ಲು ಆದದ್ದು ಯಾವಾಗ? ಇಲ್ಲಿ ಪೊಟಾಸಿಯಂ ಗಡಿಯಾರವನ್ನು ನೇರವಾಗಿ ಬಳಸುವಂತಿಲ್ಲ. ಶಿಥಿಲೀಕರಣದಲ್ಲಿ ಕಲ್ಲಿನ ಪೊಟಾಸಿಯಂ ಬಹುಮಟ್ಟಿಗೆ ತೊಳೆದುಹೋಗಿರುತ್ತದೆ, ಆರ್ಗಾನ್ ಕೂಡ ತಪ್ಪಿಸಿಕೊಂಡಿರುತ್ತದೆ. ಆದುದರಿಂದ ವಿಜ್ಞಾನಿಗಳು ತುಕ್ಕನ್ನೇ ಸಾಕ್ಷಿಗೆ ಕರೆದರು. ಭೂಮಿಯು ಒಂದು ದೊಡ್ಡ ಅಯಸ್ಕಾಂತವೆಂಬುದನ್ನು ನೀವು ಬಲ್ಲಿರಿ. ತಡೆಯಿಲ್ಲದೆ ತೂಗುಬಿಟ್ಟ ಕಾಂತಸೂಚಿಯು ಸಮಭಾಜಕವೃತ್ತದ ಬಳಿ ನೆಲಕ್ಕೆ ಸಮಾಂತರವಾಗಿ ನಿಲ್ಲುತ್ತದೆ. ಉತ್ತರಕ್ಕೆ ಹೋದಂತೆಲ್ಲ ಅದರ ಉತ್ತರದ ತುದಿ ನೆಲದ ಕಡೆಗೆ ಬಾಗುತ್ತದೆ, ದಕ್ಷಿಣಗೋಳದಲ್ಲಿ ಅದೇ ತುದಿ ಮೇಲಕ್ಕೆ ಏಳುತ್ತದೆ. ಕಬ್ಬಿಣದ ತುಕ್ಕು ಕಲ್ಲಿನೊಳಗೆ ಹರಳುಗಟ್ಟುವಾಗ ಅಂದಿನ ಕಾಂತದ ಬಾಗನ್ನು ತನ್ನಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಆ ಬಾಗನ್ನು ಅಳೆದರೆ, ತುಕ್ಕು ಹುಟ್ಟಿದಾಗ ಆ ನೆಲವು ಯಾವ ಅಕ್ಷಾಂಶದಲ್ಲಿತ್ತೆಂಬುದು ತಿಳಿಯುತ್ತದೆ.

ನೆಲವು ಒಂದೇ ಅಕ್ಷಾಂಶದಲ್ಲಿ ಇರುವುದಿಲ್ಲವೇ ಎಂದು ನೀವು ಕೇಳಬಹುದು. ಇರುವುದಿಲ್ಲ. ಶಿಲಾರಸವು ಉಕ್ಕಿದಾಗ ದಖ್ಖನವು ಸಮಭಾಜಕವೃತ್ತದ ದಕ್ಷಿಣಕ್ಕೆ, ಇಂದಿನ ಹಿಂದೂ ಮಹಾಸಾಗರದ ನಡುವೆ ಇದ್ದಿತು. ಅಲ್ಲಿಂದ ಉತ್ತರಾಭಿಮುಖವಾಗಿ ತೇಲುತ್ತ ಬಂದು, ಸಮಭಾಜಕವೃತ್ತವನ್ನು ದಾಟಿ, ಏಷ್ಯಾ ಖಂಡಕ್ಕೆ ತಾಗಿತು. ಇಂದು ಬಸವಕಲ್ಯಾಣ, ಹುಮನಾಬಾದಗಳು ಸುಮಾರು 18 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಬೀದರದಿಂದ ಹೊರಟ ರೈಲು ಹುಮನಾಬಾದದ ಮಾರ್ಗವಾಗಿ ಕಲಬುರಗಿಗೆ ಹೋಗುತ್ತದೆ. ವೇಳಾಪಟ್ಟಿ ಕೈಯಲ್ಲಿದ್ದರೆ, ರೈಲು ಯಾವ ನಿಲ್ದಾಣದಲ್ಲಿದೆ ಎಂದು ಹೇಳಿದೊಡನೆ ಗಂಟೆ ಎಷ್ಟೆಂದು ಹೇಳಬಹುದು. ಹಾಗೆಯೇ ಭಾರತಭೂಮಿಯ ಪಯಣದ ವೇಳಾಪಟ್ಟಿ ತಿಳಿದಿದ್ದರೆ, ತುಕ್ಕು ಹಿಡಿದಿಟ್ಟ ಅಕ್ಷಾಂಶದಿಂದ ಕಾಲವನ್ನು ಲೆಕ್ಕ ಹಾಕಬಹುದು. ಷ್ಮಿಟ್, ಪ್ರಸಾದ್ ಮತ್ತು ರಾಮಂ ಎಂಬ ಮೂವರು ವಿಜ್ಞಾನಿಗಳು ಭಾರತದ ಕೆಲವು ಜಂಬಿಟ್ಟಿಗೆಗಳನ್ನು ಹೀಗೆ ಪರೀಕ್ಷಿಸಿ 1983ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಎತ್ತರದ ಪ್ರಸ್ಥಭೂಮಿಗಳ ಜಂಬಿಟ್ಟಿಗೆಯು ಶಿಲಾರಸದ ಪ್ರವಾಹಗಳು ನಿಂತ ಕಾಲಕ್ಕೆ ಸಮೀಪವಾದುದು, ತಗ್ಗಿನ ಪ್ರದೇಶಗಳ ಜಂಬಿಟ್ಟಿಗೆಯು ಅದಕ್ಕಿಂತ ಬಹಳ ಕಿರಿಯದು ಎಂಬುದು ಅವರ ನಿರ್ಣಯದ ಸಾರ.

ಶಿಥಿಲೀಕರಣದ ಕಾಲವನ್ನು ಅಳೆಯಲು ಇನ್ನೊಂದು ದಾರಿಯೂ ಇದೆ. ಬಳ್ಳಾರಿ ಸೀಮೆಯ ಸಂಡೂರಿನ ಮ್ಯಾಂಗನೀಸ್ ಅದಿರು ಎಲ್ಲರಿಗೂ ತಿಳಿದದ್ದು. ಅಲ್ಲಿ ಬಂಡೆಗಳು ಶಿಥಿಲವಾಗುವಾಗಲೇ ಹೊಸದಾಗಿ ಹುಟ್ಟಿದ ಒಂದು ಮ್ಯಾಂಗನೀಸ್ ಖನಿಜದಲ್ಲಿ ಪೊಟಾಸಿಯಂ ಸೇರಿಕೊಂಡಿರುತ್ತದೆ. ಆ ಖನಿಜದಲ್ಲಿ ಆರ್ಗಾನ್ ಗಡಿಯಾರವು ಶಿಥಿಲೀಕರಣದ ದಿನದಿಂದಲೇ ಓಡತೊಡಗುತ್ತದೆ. ಈ ಗಡಿಯಾರವನ್ನು ಓದಿ 2014ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಸಂಡೂರಿನ ಪ್ರದೇಶದಲ್ಲಿ ಸುಮಾರು 3.6 ಕೋಟಿ ವರ್ಷಗಳಿಂದ 2.6 ಕೋಟಿ ವರ್ಷಗಳ ಹಿಂದಿನ ಅವಧಿಯಲ್ಲಿ ತೀವ್ರವಾದ ಶಿಥಿಲೀಕರಣ ನಡೆದಿತ್ತು. ಈ ಅಂಕಿಗಳನ್ನು ನೆನಪಿನಲ್ಲಿಡಿ. ಇವುಗಳಿಗೂ ದಕ್ಷಿಣಧ್ರುವದ ಹಿಮಕ್ಕೂ ಇರಬಹುದಾದ ನಂಟನ್ನು ಮುಂದೆ ನೋಡುವೆವು.

ಈಗ ಧ್ರುವಪ್ರದೇಶಕ್ಕೆ ಹೋಗೋಣ. ಅಂಟಾರ್ಟಿಕ ಖಂಡದ ವಿಸ್ತಾರ ಸುಮಾರು 1.4 ಕೋಟಿ ಚದರ ಕಿಲೋಮೀಟರ್. ಅದರ ಬಹುಭಾಗವನ್ನು ಸರಾಸರಿ ಎರಡು ಕಿಲೋಮೀಟರ್ ದಪ್ಪದ ಹಿಮದ ಹಾಸು ಮುಚ್ಚಿದೆ. ಭಾರತದ ಮೊದಲನೆಯ ತಂಡವು ಡಾ. ಎಸ್. ಝಡ್. ಖಾಸಿಂ ಅವರ ನಾಯಕತ್ವದಲ್ಲಿ 1981ರ ಡಿಸೆಂಬರಿನಲ್ಲಿ ಗೋವೆಯಿಂದ ಹೊರಟು 1982ರ ಜನವರಿಯಲ್ಲಿ ಅಲ್ಲಿ ಕಾಲಿಟ್ಟಿತು. ಮುಂದೆ ಹಿಮದ ಮೇಲೆಯೇ ಕಟ್ಟಿದ ದಕ್ಷಿಣ ಗಂಗೋತ್ರಿ ಎಂಬ ನೆಲೆಯು ಹಿಮದಲ್ಲಿ ಹೂತುಹೋಯಿತು. ಅದರ ಬದಲು ಷಿರ್ಮಾಕರ್ ಎಂಬ ಬಂಡೆಗಳ ಬಯಲಿನಲ್ಲಿ 1989ರಲ್ಲಿ ಮೈತ್ರಿ ನೆಲೆಯು ಸಿದ್ಧವಾಯಿತು. 2012ರಲ್ಲಿ ಲಾರ್ಸ್‌ಮನ್ ಬೆಟ್ಟಗಳಲ್ಲಿ ಭಾರತಿ ಎಂಬ ಇನ್ನೊಂದು ನೆಲೆಯು ಆರಂಭವಾಯಿತು.

ಮೈತ್ರಿ ಇರುವ ಷಿರ್ಮಾಕರ್ ಬಯಲು ಸುಮಾರು 35 ಚದರ ಕಿಲೋಮೀಟರಿನಷ್ಟು ಚಿಕ್ಕದು. ಸುತ್ತಲೂ ಹಿಮವಿದ್ದರೂ ಅಲ್ಲಿ ಬರಿಯ ಬಂಡೆಗಳೂ ನೂರಕ್ಕೂ ಮಿಕ್ಕ ಕೊಳಗಳೂ ಇವೆ. ಒಂದು ಕಾಲದಲ್ಲಿ ಹಿಮವು ಈ ಬಯಲಿನ ಮೇಲೂ ಹರಿದಿತ್ತು. ಹಿಮವು ಹರಿಯುವುದೇ ಎಂದು ಆಶ್ಚರ್ಯಪಡಬೇಡಿ. ತನ್ನದೇ ಭಾರದಿಂದ ಅದು ಬಹು ಮೆಲ್ಲನೆ ಜರುಗುತ್ತದೆ. ಜರುಗುವಾಗ ತನ್ನ ತಳದಲ್ಲಿ ಸಿಕ್ಕಿಕೊಂಡ ಕಲ್ಲುಗಳಿಂದ ನೆಲದ ಬಂಡೆಯನ್ನು ಉಜ್ಜಿ ಗೀರುತ್ತದೆ. ಹಿಂದೆ ಸರಿಯುವಾಗ ಹೊತ್ತು ತಂದ ದುಂಡುಕಲ್ಲುಗಳನ್ನು ಅಲ್ಲಲ್ಲಿಯೇ ಇಳಿಸಿ ಹೋಗುತ್ತದೆ. ಅತಿಥಿಗಳಂತೆ ಪರಸ್ಥಳದಿಂದ ಬಂದು ಕುಳಿತ ಈ ಕಲ್ಲುಗಳೇ ಹಿಮದ ಹೆಜ್ಜೆಗುರುತುಗಳು. ಹಿಮವು ಅವನ್ನು ಬಿಟ್ಟು ಸರಿದದ್ದು ಯಾವಾಗ ಎಂಬುದೇ ಪ್ರಶ್ನೆ.

ಈ ಕಲ್ಲುಗಳ ಜನ್ಮಕಾಲವನ್ನು ಅಳೆದು ಪ್ರಯೋಜನವಿಲ್ಲ. ಅವು ಹುಟ್ಟಿ ಕೋಟಿಗಟ್ಟಲೆ ವರ್ಷಗಳಾಗಿರುತ್ತವೆ. ನಮಗೆ ಬೇಕಾದುದು ಅವು ಆಕಾಶಕ್ಕೆ ಮೈಯೊಡ್ಡಿದ ಕಾಲ. ಇದನ್ನು ತಿಳಿಸುವ ಗಡಿಯಾರಕ್ಕೆ ಆಕಾಶವೇ ಕೀಲಿ ಕೊಡುತ್ತದೆ. ವಿಶ್ವದ ದೂರದೂರದ ಮೂಲೆಗಳಿಂದ ಅತಿ ವೇಗದ ಕಣಗಳು ಹಗಲಿರುಳೂ ಭೂಮಿಯ ಮೇಲೆ ಸುರಿಯುತ್ತಿರುತ್ತವೆ. ಇವೇ ವಿಶ್ವಕಿರಣಗಳು. ಇವುಗಳ ಹೊಡೆತದಿಂದ ಹುಟ್ಟಿದ ಕಣಗಳು ಬಂಡೆಗೆ ತಾಗಿದಾಗ ಅದರಲ್ಲಿರುವ ಪರಮಾಣುಗಳ ಬೀಜವು ಒಡೆದು ಹೊಸ ಪರಮಾಣುಗಳು ಹುಟ್ಟುತ್ತವೆ. ಬೆಣಚುಕಲ್ಲಿನಲ್ಲಿರುವ ಆಮ್ಲಜನಕದ ಪರಮಾಣು ಒಡೆದು ಬೆರಿಲಿಯಂ-10 ಎಂಬುದು ಹುಟ್ಟುತ್ತದೆ. ಇದರ ಅರ್ಧಾಯುಷ್ಯ ಸುಮಾರು 13.9 ಲಕ್ಷ ವರ್ಷ.

ಈ ಕಣಗಳಲ್ಲಿ ಹೆಚ್ಚಿನವು ಬಂಡೆಯಲ್ಲಿ ಒಂದೆರಡು ಮೀಟರಿಗಿಂತ ಆಳಕ್ಕೆ ಇಳಿಯಲಾರವು. ನೆಲದ ಆಳವು ವಿಶ್ವಕಿರಣಗಳಿಗೆ ಎಂತಹ ಕೋಟೆಯೆಂಬುದಕ್ಕೆ ನಮ್ಮ ಕೋಲಾರವೇ ಸಾಕ್ಷಿ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಈ ಕಿರಣಗಳ ಕಾಟವನ್ನು ತಪ್ಪಿಸಿಕೊಳ್ಳಲೆಂದೇ ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗಿಂತ ಹೆಚ್ಚಿನ ಆಳದಲ್ಲಿ ಪ್ರಯೋಗಗಳನ್ನು ನಡೆಸಿದರು ಮತ್ತು 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಕಣಗಳ ಕುರುಹನ್ನು ಅಲ್ಲಿ ಕಂಡರು. ಹಿಮವೂ ಹಾಗೆಯೇ ಒಂದು ಕೋಟೆ. ದಪ್ಪನಾದ ಹಿಮದಡಿ ಅಡಗಿರುವ ಬಂಡೆಯಲ್ಲಿ ಬೆರಿಲಿಯಂ-10 ಹೆಚ್ಚುಕಡಿಮೆ ಹುಟ್ಟುವುದೇ ಇಲ್ಲ. ಹಿಮವು ಸರಿದ ದಿನ ಗಡಿಯಾರವು ಓಡತೊಡಗುತ್ತದೆ.

ಲೆಕ್ಕವು ಸರಳವಾದುದು. ಧ್ರುವದ ಕಡೆಯ ಅಕ್ಷಾಂಶಗಳಲ್ಲಿ, ಸಮುದ್ರಮಟ್ಟದಲ್ಲಿ, ಒಂದು ಗ್ರಾಂ ಬೆಣಚಿನಲ್ಲಿ ವರ್ಷಕ್ಕೆ ಸುಮಾರು 4 ಬೆರಿಲಿಯಂ-10 ಪರಮಾಣುಗಳು ಹುಟ್ಟುತ್ತವೆ. ಒಂದು ದುಂಡುಕಲ್ಲಿನ ಒಂದು ಗ್ರಾಂ ಬೆಣಚಿನಲ್ಲಿ ಅಂತಹ 40,000 ಪರಮಾಣುಗಳು ಸಿಕ್ಕವೆನ್ನಿ. ಆಗ 40,000ವನ್ನು 4ರಿಂದ ಭಾಗಿಸಿದರೆ 10,000 ವರ್ಷ. ಅಂದರೆ ಹಿಮವು ಆ ಕಲ್ಲನ್ನು ಬಿಟ್ಟು ಸರಿದು ಸುಮಾರು ಹತ್ತು ಸಾವಿರ ವರ್ಷಗಳಾಗಿವೆ. ಇಷ್ಟು ಅಲ್ಪಕಾಲದಲ್ಲಿ ಕ್ಷಯಿಸಿ ಹೋಗುವ ಬೆರಿಲಿಯಂ ಲೆಕ್ಕಕ್ಕೆ ಬಾರದಷ್ಟು ಸ್ವಲ್ಪ. ಕೋಟ್ಯನುಕೋಟಿ ಪರಮಾಣುಗಳ ನಡುವೆ ಇಷ್ಟು ಕೆಲವನ್ನು ಎಣಿಸುವುದು ಮಾತ್ರ ಸುಲಭವಲ್ಲ. ಅದಕ್ಕೆ ಕಣವೇಗವರ್ಧಕವೆಂಬ ದೊಡ್ಡ ಯಂತ್ರ ಬೇಕು. ನವದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಇಂತಹ ಸೌಲಭ್ಯವಿದೆ.

ಈ ಶಾಸ್ತ್ರದ ತಳಪಾಯವನ್ನು ಹಾಕಿದವರಲ್ಲಿ ಒಬ್ಬರು ಭಾರತೀಯರೆಂಬುದು ನಮಗೆ ಹೆಮ್ಮೆಯ ಸಂಗತಿ. ಅವರೇ ದೇವೇಂದ್ರ ಲಾಲ್ (1929-2012). ವಾರಾಣಸಿಯಲ್ಲಿ ಹುಟ್ಟಿದ ಅವರು ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ಬರ್ನಾರ್ಡ್ ಪೀಟರ್ಸ್ ಅವರೊಡನೆ ವಿಶ್ವಕಿರಣಗಳಿಂದ ಹುಟ್ಟುವ ಧಾತುಗಳನ್ನು ಕುರಿತು ಸಂಶೋಧನೆ ನಡೆಸಿದರು. ಅನಂತರ ಅಹಮದಾಬಾದಿನ ಭೌತ ಸಂಶೋಧನಾಲಯದ ನಿರ್ದೇಶಕರಾದರು. ಬಂಡೆಯ ಮೇಲ್ಮೈಯಲ್ಲಿ ಈ ಧಾತುಗಳು ಎತ್ತರ ಮತ್ತು ಅಕ್ಷಾಂಶಗಳಿಗೆ ಅನುಗುಣವಾಗಿ ಯಾವ ಪ್ರಮಾಣದಲ್ಲಿ ಹುಟ್ಟುತ್ತವೆ ಎಂಬುದನ್ನು ಕುರಿತು ಅವರು 1991ರಲ್ಲಿ ಪ್ರಕಟಿಸಿದ ಲೇಖನವು ಲೋಕದ ಎಲ್ಲ ಸಂಶೋಧಕರಿಗೂ ಕೈದೀವಿಗೆಯಾಯಿತು.

ಆದರೆ ಯಾವ ಗಡಿಯಾರವನ್ನಾದರೂ ಕಣ್ಣುಮುಚ್ಚಿ ನಂಬಬಾರದು. ಹಿಮವು ಹೊತ್ತು ತಂದ ಕಲ್ಲು ಅದಕ್ಕೆ ಮೊದಲೇ ಎಲ್ಲಿಯೋ ಬಿಸಿಲಿಗೆ ಮೈಯೊಡ್ಡಿ ಬೆರಿಲಿಯಂನ್ನು ಕೂಡಿಸಿಕೊಂಡಿದ್ದರೆ ಅದರ ವಯಸ್ಸು ಇರುವುದಕ್ಕಿಂತ ಹೆಚ್ಚಾಗಿ ತೋರುತ್ತದೆ. ಕಲ್ಲಿನ ಮೈ ಸವೆದಿದ್ದರೆ, ಇಲ್ಲವೆ ಬಹುಕಾಲ ಹಿಮಪಾತದಲ್ಲಿ ಮುಚ್ಚಿಹೋಗಿದ್ದರೆ, ವಯಸ್ಸು ಕಡಿಮೆಯಾಗಿ ತೋರುತ್ತದೆ. ಅದಕ್ಕಾಗಿಯೇ ವಿಜ್ಞಾನಿಗಳು ಒಂದು ಕಲ್ಲನ್ನಲ್ಲದೆ ಹಲವು ಕಲ್ಲುಗಳನ್ನು ಪರೀಕ್ಷಿಸುತ್ತಾರೆ. ಕೊಳಗಳ ತಳದ ಕೆಸರಿನಲ್ಲಿ ಸಿಕ್ಕ ಪಾಚಿಯ ಕಾಲವನ್ನು ವಿಕಿರಣಶೀಲ ಇಂಗಾಲದಿಂದ ಅಳೆದು ತಾಳೆ ನೋಡುತ್ತಾರೆ. ಕಲ್ಲಿನ ಮೈಯ ಶಿಥಿಲತೆಯನ್ನೂ ಗಮನಿಸುತ್ತಾರೆ. ಹೊಸದಾಗಿ ಹೊರಬಿದ್ದ ಕಲ್ಲು ನುಣುಪಾಗಿ, ಗೀರುಗಳು ಸ್ಪಷ್ಟವಾಗಿ ಕಾಣುತ್ತವೆ. ಹಳೆಯ ಕಲ್ಲು ಕಂದುಬಣ್ಣಕ್ಕೆ ತಿರುಗಿ, ಗುಳಿಬಿದ್ದು, ಚಕ್ಕೆಯೆದ್ದಿರುತ್ತದೆ.

ಧ್ರುವದಲ್ಲಿ ಶಿಥಿಲೀಕರಣದ ರೀತಿಯೇ ಬೇರೆ. ಅಲ್ಲಿ ಕರಗಿಸುವ ಮಳೆಯಿಲ್ಲ. ಬಿರುಕಿಗಿಳಿದ ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರವು ನೂರಕ್ಕೆ ಒಂಬತ್ತರಷ್ಟು ಹಿಗ್ಗಿ ಬಂಡೆಯನ್ನು ಸೀಳುತ್ತದೆ. ಉಪ್ಪಿನ ಹರಳುಗಳು ಬೆಳೆದು ಕಲ್ಲಿನ ಕಣಗಳನ್ನು ಕಳಚುತ್ತವೆ. ಗಾಳಿಯು ಮರಳನ್ನು ಎರಚಿ ಉಜ್ಜುತ್ತದೆ. ಆದರೂ ಈ ಕೆಲಸವು ಅತಿ ನಿಧಾನ. ಅಂಟಾರ್ಟಿಕದ ಒಣಕಣಿವೆಗಳಲ್ಲಿ ಹತ್ತು ಲಕ್ಷ ವರ್ಷಗಳಲ್ಲಿ ಬಂಡೆಯು ಒಂದು ಮೀಟರಿನಷ್ಟು ಕೂಡ ಸವೆಯದ ತಾಣಗಳಿವೆ. ಒಂದೆಡೆ ನಮ್ಮ ಬೀದರದಲ್ಲಿ ಐವತ್ತು ಮೀಟರ್ ಆಳದವರೆಗೆ ಕಲ್ಲು ತನ್ನ ರೂಪವನ್ನೇ ಕಳೆದುಕೊಂಡಿದೆ, ಇನ್ನೊಂದೆಡೆ ಬಂಡೆಯ ಮೈ ಸಹ ಮಾಸಿಲ್ಲ. ಬಿಸಿಲು ಮಳೆಗಳ ಕೈವಾಡವೆಂತಹುದೆಂಬುದು ಈ ಹೋಲಿಕೆಯಿಂದ ಮನದಟ್ಟಾಗುತ್ತದೆ.

ಧ್ರುವದ ಹಿಮಕ್ಕೂ ನಮ್ಮ ನಾಡಿಗೂ ಏನು ಸಂಬಂಧವೆಂದು ಕೇಳುವವರಿಗೆ ಎರಡು ಉತ್ತರಗಳುಂಟು. ಮೊದಲನೆಯದು, ಸುಮಾರು 30 ಕೋಟಿ ವರ್ಷಗಳ ಹಿಂದೆ ಭಾರತವೂ ಅಂಟಾರ್ಟಿಕವೂ ಗೊಂಡ್ವಾನವೆಂಬ ಒಂದೇ ಭೂಖಂಡದಲ್ಲಿ ಸೇರಿದ್ದವು, ಅಂದು ಭಾರತದ ಮೇಲೂ ಹಿಮವು ಹರಿದಿತ್ತು. ಒಡಿಶಾದ ತಾಲಚೇರಿನಲ್ಲಿ ಅಂದಿನ ಹಿಮವು ಬಿಟ್ಟ ದುಂಡುಕಲ್ಲುಗಳನ್ನು 1856ರಲ್ಲಿಯೇ ಗುರುತಿಸಲಾಯಿತು. ಬೀದರಕ್ಕೆ ಈಶಾನ್ಯದಲ್ಲಿ, ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಇರಾಯಿ ಎಂಬ ಹಳ್ಳಿಯ ಬಳಿ ಪೈನ್‌ಗಂಗಾ ನದಿಯ ಪಾತ್ರದಲ್ಲಿ, ಹಿಮವು ಗೀರಿದ ಬಂಡೆಯೇ ಇದೆ.

ಎರಡನೆಯದು ಇನ್ನೂ ಕುತೂಹಲಕರವಾದುದು. ಮಳೆನೀರು ಬಸಾಲ್ಟನ್ನು ಕರಗಿಸುವಾಗ ಗಾಳಿಯ ಇಂಗಾಲದ ಡೈಆಕ್ಸೈಡ್ ಖರ್ಚಾಗುತ್ತದೆ. ಅದು ನದಿಗಳ ಮೂಲಕ ಸಾಗರವನ್ನು ಸೇರಿ ಸುಣ್ಣಕಲ್ಲಾಗಿ ತಳದಲ್ಲಿ ನಿಲ್ಲುತ್ತದೆ. ಈ ಅನಿಲವು ಭೂಮಿಗೆ ಕಂಬಳಿಯಂತೆ ಬಿಸಿಯನ್ನು ಹಿಡಿದಿಡುವುದರಿಂದ, ಅದು ಕಡಿಮೆಯಾದರೆ ಭೂಮಿ ತಣ್ಣಗಾಗುತ್ತದೆ. ದಖ್ಖನದ ವಿಶಾಲವಾದ ಕರಿಯಕಲ್ಲು ತನ್ನ ಪಯಣದಲ್ಲಿ ಸಮಭಾಜಕವೃತ್ತದ ಮಳೆಪಟ್ಟಿಯನ್ನು ದಾಟುವಾಗ ಅಪಾರವಾದ ಅನಿಲವನ್ನು ಹೀರಿರಬೇಕು, ಭೂಮಿಯು ತಂಪಾಗಲು ಅದೂ ಒಂದು ಕಾರಣವಾಗಿರಬೇಕು ಎಂದು ಡೆನಿಸ್ ಕೆಂಟ್ ಮತ್ತು ಜೊವಾನಿ ಮುಟ್ಟೋನಿ ಎಂಬ ವಿಜ್ಞಾನಿಗಳು 2008ರಲ್ಲಿ ವಾದಿಸಿದರು. ಅಂಟಾರ್ಟಿಕದ ಮೇಲೆ ದೊಡ್ಡ ಹಿಮದ ಹಾಸು ನೆಲೆಗೊಂಡದ್ದು ಸುಮಾರು 3.4 ಕೋಟಿ ವರ್ಷಗಳ ಹಿಂದೆ. ಸಂಡೂರಿನ ಖನಿಜವು ತಿಳಿಸಿದ ಶಿಥಿಲೀಕರಣದ ಅವಧಿಯೂ ಇದರ ಆಸುಪಾಸಿನದೇ. ಈ ವಾದವನ್ನು ವಿಜ್ಞಾನಿಗಳೆಲ್ಲರೂ ಒಪ್ಪಿದ್ದಾರೆಂದಲ್ಲ. ಆದರೆ ಕಲ್ಯಾಣದ ಕೆಂಪುಕಲ್ಲಿನ ಹುಟ್ಟಿಗೂ ಧ್ರುವದ ಬಿಳಿಯ ಹಿಮದ ಹುಟ್ಟಿಗೂ ನಂಟಿರಬಹುದೆಂಬ ವಿಚಾರವು ಎಷ್ಟು ರೋಚಕವಾದುದು!

ಇಷ್ಟೆಲ್ಲ ಶ್ರಮಪಟ್ಟು ಹಳೆಯ ಕಾಲವನ್ನು ಅಳೆಯುವುದೇಕೆ? ಮುಂದಿನ ಕಾಲವನ್ನು ಅರಿಯುವುದಕ್ಕಾಗಿ. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಲೋಕದ ನೀರು ಹಿಮವಾಗಿ ನೆಲದ ಮೇಲೆ ನಿಂತಿದ್ದಾಗ ಸಮುದ್ರದ ಮಟ್ಟವು ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಆ ಹಿಮವು ಎಷ್ಟು ವೇಗದಲ್ಲಿ ಕರಗಿತೆಂಬುದು ಗೊತ್ತಾದರೆ ಇಂದು ಭೂಮಿಯು ಬಿಸಿಯಾಗುತ್ತಿರುವಾಗ ಉಳಿದ ಹಿಮವು ಹೇಗೆ ವರ್ತಿಸೀತೆಂದು ಅಂದಾಜು ಮಾಡಬಹುದು. ಅಂಟಾರ್ಟಿಕದಲ್ಲಿರುವ ಹಿಮವೆಲ್ಲ ಕರಗಿದರೆ ಸಮುದ್ರವು ಸುಮಾರು 58 ಮೀಟರ್ ಏರುವುದು. ಅದೆಲ್ಲವೂ ಕರಗಬೇಕಾಗಿಲ್ಲ. ಅದರ ಅಲ್ಪಾಂಶವು ಕರಗಿದರೂ ಮಂಗಳೂರು, ಕಾರವಾರಗಳ ಕರಾವಳಿಯವರಿಗೆ ಅದು ಬದುಕಿನ ಪ್ರಶ್ನೆ. ಆದುದರಿಂದಲೇ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು 1980ರ ದಶಕದಿಂದ ಷಿರ್ಮಾಕರ್ ಬಯಲಿನ ಅಂಚಿನ ಹಿಮನದಿಯ ಮೂತಿಯು ಎಷ್ಟು ಸರಿಯಿತೆಂಬುದನ್ನು ಅಳೆಯುತ್ತ ಬಂದಿದ್ದಾರೆ.

ನಮ್ಮ ಕೆಂಪುಕಲ್ಲಿನಲ್ಲಿಯೂ ಬದುಕಿನ ಪ್ರಶ್ನೆಯಿದೆ. ರಂಧ್ರಮಯವಾದ ಜಂಬಿಟ್ಟಿಗೆಯು ಮಳೆನೀರನ್ನು ಸ್ಪಂಜಿನಂತೆ ಕುಡಿಯುತ್ತದೆ. ಅದರಡಿಯ ಜೇಡಿಯೂ ಕರಿಯಕಲ್ಲೂ ನೀರನ್ನು ಕೆಳಗಿಳಿಯಗೊಡುವುದಿಲ್ಲ. ಹೀಗೆ ತಡೆದ ನೀರು ಪ್ರಸ್ಥಭೂಮಿಯ ಅಂಚಿನಲ್ಲಿ ಒರತೆಯಾಗಿ ಹೊರಡುತ್ತದೆ. ಬೀದರದ ನಾನಕ ಝೀರಾದ ಚಿಲುಮೆಯೂ ನರಸಿಂಹ ಝರಣಿಯ ನೀರುತುಂಬಿದ ಗವಿಯೂ ಈ ಕಲ್ಲಿನ ಕೊಡುಗೆಗಳೇ. ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನರು ಬೀದರವನ್ನು ರಾಜಧಾನಿಯನ್ನಾಗಿ ಮಾಡಿಕೊಂಡಾಗ ಕೋಟೆಯ ಮೂರು ಸುತ್ತಿನ ಕಂದಕವನ್ನು ಈ ಕಲ್ಲಿನಲ್ಲಿಯೇ ಕಡಿಸಿದರು. ಕರೇಜ್ ಎಂಬ ನೆಲದಡಿಯ ಕಾಲುವೆಯನ್ನು ಈ ಕಲ್ಲಿನಲ್ಲಿಯೇ ಕೊರೆಸಿ ಊರಿಗೆ ನೀರನ್ನು ಹರಿಸಿದರು. ಬಿದರಿ ಕಲೆಯ ಕುಶಲಿಗಳು ತಮ್ಮ ಪಾತ್ರೆಗಳಿಗೆ ಕಪ್ಪನ್ನು ತರಲು ಬಳಸುವುದೂ ಬೀದರ ಕೋಟೆಯ ಹಳೆಯ ಮಣ್ಣನ್ನೇ.

ಈ ಹೊದಿಕೆಯು ಸಿದ್ಧವಾಗಲು ಲಕ್ಷಾಂತರ ವರ್ಷಗಳು ಬೇಕಾದವು. ಗುದ್ದಲಿ ಯಂತ್ರಗಳಿಂದ ಅದನ್ನು ಅಗೆದು ಒಯ್ಯಲು ಕೆಲವು ದಿನಗಳು ಸಾಕು. ಕಡಿದ ಮರದ ಜಾಗದಲ್ಲಿ ಮತ್ತೊಂದು ಮರವನ್ನು ನಮ್ಮ ಮಕ್ಕಳ ಕಾಲಕ್ಕೆ ಬೆಳೆಸಬಹುದು. ಕಡಿದ ಜಂಬಿಟ್ಟಿಗೆಯನ್ನು ಮತ್ತೆ ಬೆಳೆಸುವಷ್ಟು ಕಾಲವು ಯಾವ ಮನುಷ್ಯನಿಗೂ ಇಲ್ಲ. ಧ್ರುವದ ಹಿಮವೂ ಅಂತಹುದೇ. ಕಲ್ಲಿನ ವಯಸ್ಸನ್ನು ಓದಲು ಕಲಿತವನು ಅದರ ಬೆಲೆಯನ್ನೂ ಅರಿಯಬೇಕು. ನಮ್ಮ ಕಾಲಡಿಯ ಒಂದು ಹಿಡಿ ಕೆಂಪುಮಣ್ಣಿನಲ್ಲಿ, ಬೆಂಕಿಯಾಗಿ ಹರಿದ ಶಿಲಾರಸದ, ಸಾಗರವನ್ನು ದಾಟಿ ಬಂದ ನೆಲದ, ಎಣಿಕೆಯಿಲ್ಲದ ಮಳೆಗಾಲಗಳ ಚರಿತ್ರೆಯು ಅಡಗಿದೆ. ಅದನ್ನು ಓದುವುದೂ ಉಳಿಸುವುದೂ ನಮ್ಮ ಕೈಯಲ್ಲಿದೆ.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಶಿಥಿಲೀಕರಣವೆಂದರೇನು?
2. ಜಂಬಿಟ್ಟಿಗೆಗೆ ಕೆಂಪು ಬಣ್ಣವು ಬರಲು ಕಾರಣವೇನು?
3. ಬೆರಿಲಿಯಂ-10 ಎಂಬುದು ಬಂಡೆಯಲ್ಲಿ ಹೇಗೆ ಹುಟ್ಟುತ್ತದೆ?
4. ಮೈತ್ರಿ ನೆಲೆಯು ಎಲ್ಲಿದೆ?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕರಿಯಕಲ್ಲಿನ ಜನ್ಮಕಾಲವನ್ನು ತಿಳಿಸುವ ಗಡಿಯಾರವು ಜಂಬಿಟ್ಟಿಗೆಗೆ ನೇರವಾಗಿ ಒದಗುವುದಿಲ್ಲವೇಕೆ?
2. ತುಕ್ಕಿನಲ್ಲಿ ಉಳಿದ ಕಾಂತದ ಬಾಗಿನಿಂದ ಕಾಲವನ್ನು ಹೇಗೆ ತಿಳಿಯಬಹುದು? ಪಾಠದಲ್ಲಿ ಬಂದಿರುವ ರೈಲಿನ ಹೋಲಿಕೆಯ ಸಹಾಯದಿಂದ ವಿವರಿಸಿರಿ.
3. ಒಂದು ಗ್ರಾಂ ಬೆಣಚಿನಲ್ಲಿ 60,000 ಬೆರಿಲಿಯಂ-10 ಪರಮಾಣುಗಳು ಸಿಕ್ಕರೆ ಹಿಮವು ಸರಿದು ಎಷ್ಟು ವರ್ಷಗಳಾಗಿರಬೇಕು? ಈ ಉತ್ತರವು ತಪ್ಪಾಗಲು ಯಾವ ಯಾವ ಕಾರಣಗಳಿರಬಹುದು?

ಇ. ಸ್ವಂತ ವಾಕ್ಯದಲ್ಲಿ ಬಳಸಿರಿ.
ಮೈಯೊಡ್ಡು, ಮನದಟ್ಟಾಗು, ತಾಳೆ ನೋಡು, ಕೈದೀವಿಗೆ.

ಈ. ಮಾಡಿ ನೋಡಿರಿ.
ನಿಮ್ಮ ಊರಿನ ಹಳೆಯ ಬಾವಿ, ಕಲ್ಲಿನ ಗಣಿ ಅಥವಾ ರಸ್ತೆಗಾಗಿ ಕಡಿದ ದಿಬ್ಬವೊಂದನ್ನು ಹಿರಿಯರೊಡನೆ ಹೋಗಿ ನೋಡಿರಿ. ಮೇಲಿನಿಂದ ಕೆಳಕ್ಕೆ ಕಾಣುವ ಮಣ್ಣು ಮತ್ತು ಕಲ್ಲುಗಳ ಬಣ್ಣ, ಗಟ್ಟಿತನಗಳನ್ನು ಗುರುತುಹಾಕಿಕೊಂಡು ಒಂದು ಚಿತ್ರವನ್ನು ಬರೆಯಿರಿ.